ಫೈಲ್ ಸರ್ವರ್‌ಗೆ ಒಂದು ಆ್ಯಂಟಿವೈರಸ್ ಹಾಕಿದರೆ ಇಡೀ ಆಫೀಸು ಸುರಕ್ಷಿತವೇ?

"ಆಫೀಸಿನ ಸರ್ವರ್‌ಗೆ ಒಂದು ಒಳ್ಳೆಯ ಆ್ಯಂಟಿವೈರಸ್ ಹಾಕಿಸಿದರೆ ಸಾಕು, ಉಳಿದ ಕಂಪ್ಯೂಟರ್‌ಗಳಿಗೆ ದುಡ್ಡು ಸುರಿಯಬೇಕಿಲ್ಲ. ಐದು ವರ್ಷದ ಕೀ ಉಚಿತ, ಈ ಲಿಂಕ್ ಒತ್ತಿ, ಹತ್ತು ಜನರಿಗೆ ಕಳಿಸಿ." ಈ ಧಾಟಿಯ ಸಂದೇಶಗಳು ವ್ಯಾಪಾರಿಗಳ, ಶಿಕ್ಷಕರ, ಡಿಟಿಪಿ ಅಂಗಡಿಯವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತಿರುತ್ತವೆ. ಇದರಲ್ಲಿ ಎಷ್ಟು ನಿಜವಿದೆ?

ಮೊದಲೇ ಉತ್ತರ ಹೇಳಿಬಿಡುತ್ತೇವೆ. ಸರ್ವರ್‌ಗೆ ಆ್ಯಂಟಿವೈರಸ್ ಬೇಕು ಎನ್ನುವುದು ನಿಜ. ಅದೊಂದೇ ಸಾಕು ಎನ್ನುವುದು ತಪ್ಪು. ಉಚಿತ ಕೀ ಎನ್ನುವುದು ಅಪಾಯ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಫೈಲ್ ಸರ್ವರ್ ಅಂದರೆ ಏನು? ನಮ್ಮಲ್ಲಿ ಅದು ಇದೆಯೇ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗವನ್ನೇ ತೆಗೆದುಕೊಳ್ಳಿ. ದೊಡ್ಡ ಸಿಮೆಂಟ್ ಕಾರ್ಖಾನೆಗಳಿಗೆ ತಮ್ಮದೇ ಕಂಪ್ಯೂಟರ್ ವಿಭಾಗ ಇರುತ್ತದೆ, ಅವರ ಚಿಂತೆ ನಮಗೆ ಬೇಡ. ಆದರೆ ಅವುಗಳ ಸುತ್ತ ಬೆಳೆದ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ, ತೊಗರಿ ಬೇಳೆ ಮಿಲ್ಲು, ಅಡತಿ ಅಂಗಡಿ, ಸಹಕಾರ ಸಂಘ, ಖಾಸಗಿ ಕಾಲೇಜು, ತೆರಿಗೆ ಲೆಕ್ಕ ಬರೆಯುವವರ ಕಚೇರಿ, ಇವೆಲ್ಲ ನಡೆಯುವುದು ನಾಲ್ಕಾರು ಕಂಪ್ಯೂಟರ್‌ಗಳ ಮೇಲೆ. ಅದರಲ್ಲಿ ಒಂದನ್ನು ಮೂಲೆಯಲ್ಲಿಟ್ಟು, ಅದರೊಳಗಿನ ಒಂದು ಫೋಲ್ಡರನ್ನು 'ಶೇರ್' ಮಾಡಿರುತ್ತಾರೆ. ಟ್ಯಾಲಿ ಲೆಕ್ಕ, ತೂಕದ ಚೀಟಿ, ಬಿಲ್ಲು, ಅಂಕಪಟ್ಟಿ, ಸಾಲದ ಖಾತೆ ಎಲ್ಲವೂ ಅಲ್ಲೇ. ಉಳಿದವರು ತಮ್ಮ ಮೇಜಿನಿಂದಲೇ ಆ ಫೋಲ್ಡರ್ ತೆರೆದು ಕೆಲಸ ಮಾಡುತ್ತಾರೆ.

ಆ ಮೂಲೆಯ ಕಂಪ್ಯೂಟರೇ ಫೈಲ್ ಸರ್ವರ್. ಅದರಲ್ಲಿ ವಿಂಡೋಸ್ ಸರ್ವರ್ ಇರಬಹುದು, ಸಾಮಾನ್ಯ ವಿಂಡೋಸ್ 10 ಇರಬಹುದು, ಲಿನಕ್ಸ್ ಇರಬಹುದು, ನಾಸ್ ಎಂದು ಕರೆಯುವ ಡಬ್ಬಿಯೂ ಆಗಿರಬಹುದು. ಕೆಲಸ ಒಂದೇ.

ಅದು ಕೈಕೊಟ್ಟರೆ ಎಷ್ಟು ನಷ್ಟ? ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ವರ್ಷದ ಲೆಕ್ಕ ಒಂದೇ ಫೋಲ್ಡರ್‌ನಲ್ಲಿದ್ದರೆ, ಅದು ಹೋದ ದಿನ ಹೋಗುವುದು ಬರೀ ಕಂಪ್ಯೂಟರ್ ಅಲ್ಲ.

2017ರ ಫಾರ್ವರ್ಡ್ ಹೇಳಿದ್ದೊಂದು, ನಡೆದದ್ದೊಂದು

2017ರ ಮೇ ತಿಂಗಳಲ್ಲಿ ದೇಶದ ತುಂಬ ಒಂದು ಸಂದೇಶ ಹರಿದಾಡಿತು. 'ಡಾನ್ಸ್ ಆಫ್ ದ ಹಿಲರಿ' ಎಂಬ ವಿಡಿಯೊ ತೆರೆದರೆ ನಿಮ್ಮ ಮೊಬೈಲ್ ಫಾರ್ಮ್ಯಾಟ್ ಆಗುತ್ತದೆ, ವೈರಸ್ ದಾಳಿಯಿಂದಾಗಿ ಎಟಿಎಂಗಳು ಎರಡು ಮೂರು ದಿನ ಮುಚ್ಚಿರುತ್ತವೆ ಎಂದು. ಅಂಥ ವಿಡಿಯೊ ಇರಲಿಲ್ಲ. ಎಟಿಎಂಗಳೂ ಹಾಗೆ ಮುಚ್ಚಲಿಲ್ಲ.

ಆದರೆ ಅದೇ ದಿನಗಳಲ್ಲಿ ನಿಜವಾದ ದಾಳಿಯೂ ನಡೆದಿತ್ತು. 2017ರ ಮೇ 12ರಂದು ಶುರುವಾದ 'ವಾನಾಕ್ರೈ' 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಸೇಡಂ, ಚಿಂಚೋಳಿಯ ಗಡಿ ದಾಟಿದರೆ ತೆಲಂಗಾಣ, ಅದರಾಚೆ ಆಂಧ್ರಪ್ರದೇಶ. ಆ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೇ ಇದಕ್ಕೆ ತುತ್ತಾದವು. ತೆರೆಯ ಮೇಲೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ ಮೂಡುತ್ತಿತ್ತು. ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ.

ವಾನಾಕ್ರೈ ಹರಡಲು ಯಾರೂ ಯಾವ ವಿಡಿಯೊವನ್ನೂ ತೆರೆಯಬೇಕಿರಲಿಲ್ಲ. ವಿಂಡೋಸ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳಲು ಬಳಸುವ 'ಎಸ್‌ಎಂಬಿ' ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಯಲ್ಲಿದ್ದ ದೋಷವೇ ಅದರ ದಾರಿ. ಅಂದರೆ ನಾವು ಟ್ಯಾಲಿ ಫೋಲ್ಡರ್ ತೆರೆಯಲು ಬಳಸುವ ಅದೇ ದಾರಿ. ಮೈಕ್ರೋಸಾಫ್ಟ್ ಆ ದೋಷಕ್ಕೆ ಪರಿಹಾರದ ಅಪ್‌ಡೇಟನ್ನು ಮಾರ್ಚ್ 14ರಂದೇ, ದಾಳಿಗೆ ಸುಮಾರು ಎರಡು ತಿಂಗಳು ಮೊದಲೇ, ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಸಿಕೊಳ್ಳದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಜನ ಇಲ್ಲದ ವಿಡಿಯೊಗೆ ಹೆದರಿ ಫಾರ್ವರ್ಡ್ ಮಾಡುತ್ತಿದ್ದಾಗ ಕಳ್ಳ ಬಂದದ್ದು ಹಂಚಿಕೊಂಡ ಫೋಲ್ಡರಿನ ಬಾಗಿಲಿನಿಂದ.

ಸರ್ವರ್‌ನ ಆ್ಯಂಟಿವೈರಸ್ ನೋಡುತ್ತಿದ್ದರೂ ಫೈಲು ಹೋಗುವುದು ಹೇಗೆ?

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳಬೇಕೆಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಬಿಲ್ಲಿಂಗ್ ಮೇಜಿನ ಕಂಪ್ಯೂಟರ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದೆ. ಅಪರಿಚಿತ ನಂಬರಿನಿಂದ 'ಇನ್‌ವಾಯ್ಸ್' ಎಂಬ ಹೆಸರಿನ ಜಿಪ್ ಫೈಲ್ ಬಂತು. ಗ್ರಾಹಕರದೇ ಇರಬೇಕು ಎಂದು ತೆರೆದರು. ನೋಡಲು ಪಿಡಿಎಫ್, ನಿಜದಲ್ಲಿ ಅದು ಓಡುವ ಪ್ರೋಗ್ರಾಂ. ಈಗ ರ‍್ಯಾನ್ಸಮ್‌ವೇರ್ ಓಡುತ್ತಿರುವುದು ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ. ಅದು ಆ ಕಂಪ್ಯೂಟರ್‌ಗೆ ಯಾವ ಯಾವ ಫೋಲ್ಡರ್ ಕಾಣುತ್ತದೋ ಅವನ್ನೆಲ್ಲ ಹುಡುಕುತ್ತದೆ. ಸರ್ವರ್‌ನ ಹಂಚಿದ ಫೋಲ್ಡರೂ ಅದಕ್ಕೆ ಕಾಣುತ್ತದೆ. ಒಂದು ಫೈಲನ್ನು ನೆಟ್‌ವರ್ಕ್ ಮೂಲಕ ತನ್ನತ್ತ ತರಿಸಿಕೊಳ್ಳುತ್ತದೆ, ಬೀಗ ಹಾಕುತ್ತದೆ, ಬೀಗ ಹಾಕಿದ ಫೈಲನ್ನು ಅದೇ ಜಾಗಕ್ಕೆ ವಾಪಸ್ ಬರೆಯುತ್ತದೆ. ಆಮೇಲೆ ಮುಂದಿನ ಫೈಲು.

ಇಷ್ಟು ಹೊತ್ತು ಸರ್ವರ್‌ನ ಆ್ಯಂಟಿವೈರಸ್ ಏನು ಕಂಡಿತು? ಬಿಲ್ಲಿಂಗ್ ಕಂಪ್ಯೂಟರ್ ಎಂದಿನಂತೆ ಫೈಲ್ ಓದಿತು, ಎಂದಿನಂತೆ ಬರೆಯಿತು. ಬರೆದ ಫೈಲಿನಲ್ಲಿ ವೈರಸ್ ಇಲ್ಲ. ಬೀಗ ಬಿದ್ದ ಫೈಲು ವೈರಸ್ ಅಲ್ಲ, ಅದು ಅರ್ಥವಾಗದ ಅಕ್ಷರಗಳ ರಾಶಿ ಮಾತ್ರ. ವೈರಸ್ ಸರ್ವರ್‌ಗೆ ಬರಲೇ ಇಲ್ಲ. ಹಾಗಾಗಿ ಹೆಚ್ಚಿನ ಹಳೆಯ ಮಾದರಿಯ ಆ್ಯಂಟಿವೈರಸ್‌ಗಳು ಸುಮ್ಮನಿರುತ್ತವೆ.

ಇದನ್ನು 'ರಿಮೋಟ್ ಎನ್‌ಕ್ರಿಪ್ಷನ್' ಎನ್ನುತ್ತಾರೆ. ಇದು ಅಪರೂಪದ ಕಥೆಯಲ್ಲ. ಮೈಕ್ರೋಸಾಫ್ಟ್‌ನ 2024ರ ಡಿಜಿಟಲ್ ಡಿಫೆನ್ಸ್ ವರದಿ ಪ್ರಕಾರ ಯಶಸ್ವಿಯಾದ ರ‍್ಯಾನ್ಸಮ್‌ವೇರ್ ದಾಳಿಗಳ ಪೈಕಿ ಶೇ 70ರಷ್ಟರಲ್ಲಿ ಇದೇ ದಾರಿ ಬಳಕೆಯಾಗಿತ್ತು. ಅದರಲ್ಲೂ ಬಹುಪಾಲು ನಡೆದದ್ದು ಯಾರ ನಿಗಾ ಇಲ್ಲದ ಕಂಪ್ಯೂಟರ್‌ಗಳಿಂದ.

"ಉಳಿದ ಕಂಪ್ಯೂಟರ್‌ಗಳಿಗೆ ಬೇಕಿಲ್ಲ" ಎಂಬ ಸಲಹೆ ತಪ್ಪಾಗುವುದು ಇಲ್ಲೇ. ಸರ್ವರ್ ಅನ್ನು ಉಳಿಸುವ ಮೊದಲ ಆ್ಯಂಟಿವೈರಸ್ ಇರಬೇಕಾದದ್ದು ಸರ್ವರ್ ಮುಟ್ಟುವ ಪ್ರತಿಯೊಂದು ಕಂಪ್ಯೂಟರ್‌ನಲ್ಲಿ.

ಹಾಗಾದರೆ ಸರ್ವರ್‌ನಲ್ಲಿ ಅದು ಬೇಡವೇ?

ಬೇಕು. ಯಾರೋ ಪೆನ್‌ಡ್ರೈವ್‌ನಿಂದ ವೈರಸ್ ಇರುವ ಫೈಲನ್ನು ಹಂಚಿದ ಫೋಲ್ಡರ್‌ಗೆ ಹಾಕಿದರೆ ಅದು ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತದೆ. ಊರ ಬಾವಿಗೆ ವಿಷ ಬಿದ್ದ ಹಾಗೆ. ಆ ಫೈಲನ್ನು ಬರೆಯುವಾಗಲೇ ಹಿಡಿಯುವುದು ಸರ್ವರ್‌ನ ಆ್ಯಂಟಿವೈರಸ್ ಕೆಲಸ. ದಾಳಿಕೋರ ನೇರವಾಗಿ ಸರ್ವರ್‌ಗೇ ನುಗ್ಗಿ ಅಲ್ಲೇ ಪ್ರೋಗ್ರಾಂ ಓಡಿಸಲು ಹೊರಟರೂ ಅದು ತಡೆಯಬೇಕು.

ಆರಿಸುವಾಗ ಕೇಳಬೇಕಾದ ಏಳು ಪ್ರಶ್ನೆಗಳು

ಪುಣೆಯ ಕ್ವಿಕ್ ಹೀಲ್ ಕಂಪನಿಯ ಸೆಕ್ರೈಟ್, ಚೆನ್ನೈನ ಕೆ7, ಮುಂಬೈನ ಇಸ್ಕ್ಯಾನ್, ವಿದೇಶದ ಬಿಟ್‌ಡಿಫೆಂಡರ್, ಈಸೆಟ್, ಸೋಫೋಸ್ ಹೀಗೆ ಸರ್ವರ್‌ಗೆಂದೇ ಉತ್ಪನ್ನ ಮಾರುವ ಕಂಪನಿಗಳು ಹಲವು. ಇದೇ ಒಳ್ಳೆಯದು ಎಂದು ನಾವು ಹೆಸರಿಸುವುದಿಲ್ಲ. ಯಾರೇ ಮಾರಲು ಬಂದರೂ ಈ ಪ್ರಶ್ನೆಗಳನ್ನು ಕೇಳಿ.

1. ಇದು ಸರ್ವರ್ ಆವೃತ್ತಿಯೇ? ಮನೆ ಬಳಕೆಯ ಆವೃತ್ತಿಗಳು ಸಾಮಾನ್ಯವಾಗಿ ವಿಂಡೋಸ್ ಸರ್ವರ್ ಮೇಲೆ ಇನ್‌ಸ್ಟಾಲ್ ಆಗುವುದೇ ಇಲ್ಲ. ಬಿಲ್ಲಿನಲ್ಲಿ ಉತ್ಪನ್ನದ ಪೂರ್ತಿ ಹೆಸರು, ಎಷ್ಟು ಕಂಪ್ಯೂಟರ್, ಎಷ್ಟು ಸರ್ವರ್ ಎಂದು ಬರೆಸಿಕೊಳ್ಳಿ.

2. ಈಗಾಗಲೇ ಇರುವುದನ್ನು ನೋಡಿದ್ದೀರಾ? ವಿಂಡೋಸ್ ಸರ್ವರ್ 2016 ಮತ್ತು ನಂತರದ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಜತೆಗೇ ಬರುತ್ತದೆ. ಚಿಕ್ಕ ಆಫೀಸಿಗೆ ಅದನ್ನು ಸರಿಯಾಗಿ ಚಾಲೂ ಇಟ್ಟು, ಅಪ್‌ಡೇಟ್ ಆಗುತ್ತಿದೆಯೇ ಎಂದು ನೋಡಿಕೊಂಡರೆ ಅದೇ ಒಳ್ಳೆಯ ಆರಂಭ. ಬೇರೆ ಕಂಪನಿಯದನ್ನು ಹಾಕಿದಾಗ ಮನೆಯ ವಿಂಡೋಸ್ 10, 11ರಲ್ಲಿ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ಸರ್ವರ್‌ನಲ್ಲಿ ಹಾಗೆ ಸರಿಯುವುದಿಲ್ಲ, ಕೈಯಾರೆ ತೆಗೆಯಬೇಕು. ಎರಡೂ ಒಟ್ಟಿಗೆ ಓಡಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದು ಸರ್ವರ್ ನಿಧಾನವಾಗುತ್ತದೆ.

3. ನೆಟ್‌ವರ್ಕ್‌ನಿಂದ ಬರುವ ಬೀಗವನ್ನು ಗುರುತಿಸುತ್ತದೆಯೇ? ಒಂದೇ ಕಂಪ್ಯೂಟರ್ ನಿಮಿಷದಲ್ಲಿ ನೂರಾರು ಫೈಲು ಬದಲಿಸುತ್ತಿದ್ದರೆ ಆ ಕಂಪ್ಯೂಟರ್‌ನ ಸಂಪರ್ಕವನ್ನು ಕತ್ತರಿಸುವ ಸೌಲಭ್ಯ ಕೆಲವು ಸರ್ವರ್ ಉತ್ಪನ್ನಗಳಲ್ಲಿದೆ. ಮೇಲೆ ಹೇಳಿದ ಕಥೆಗೆ ನೇರ ಉತ್ತರ ಇದೇ. ಮಾರುವವರಿಗೆ ಇದರ ಬಗ್ಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಸಲು ಹೇಳಿ.

4. ಟ್ಯಾಲಿಗೆ ಏನು ಮಾಡುತ್ತೀರಿ? ಲೆಕ್ಕದ ತಂತ್ರಾಂಶದ ಫೈಲುಗಳು ಸದಾ ತೆರೆದಿರುತ್ತವೆ. ಪ್ರತಿ ಸಲ ಸ್ಕ್ಯಾನ್ ಮಾಡಿದರೆ ಕೆಲಸ ಎಳೆಯುತ್ತದೆ. ಅದಕ್ಕೆ ಕೆಲವು ಫೈಲುಗಳನ್ನು ಸ್ಕ್ಯಾನ್‌ನಿಂದ ಹೊರಗಿಡುವ ಪದ್ಧತಿ ಇದೆ, ತಪ್ಪೇನಿಲ್ಲ. ಆದರೆ "ನಿಧಾನ ಆಗ್ತಿದೆ ಸರ್" ಎಂದರೆ ಇಡೀ ಡಿ ಡ್ರೈವನ್ನೇ ಹೊರಗಿಟ್ಟು ಹೋಗುವವರಿದ್ದಾರೆ. ಆಗ ದುಡ್ಡು ಕೊಟ್ಟು ಕಾವಲುಗಾರನನ್ನು ಇಟ್ಟು, ತಿಜೋರಿ ಕೋಣೆಗೆ ಹೋಗಬೇಡ ಎಂದಂತೆ. ಹೊರಗಿಟ್ಟ ಫೋಲ್ಡರ್‌ಗಳ ಪಟ್ಟಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

5. ನೆಟ್ ಇಲ್ಲದಾಗ ಏನು ಕಥೆ? ಹೊಸ ವೈರಸ್‌ಗಳ ಗುರುತುಪಟ್ಟಿ ದಿನಾ ಬದಲಾಗುತ್ತದೆ. ಕರೆಂಟು, ಇಂಟರ್ನೆಟ್ಟು ಕೈಕೊಡುವ ಊರುಗಳಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಬೇರೆ ಬೇರೆಯಾಗಿ ಡೌನ್‌ಲೋಡ್ ಮಾಡುವುದಕ್ಕಿಂತ ಒಂದೇ ಕಂಪ್ಯೂಟರ್ ತಂದು ಉಳಿದವಕ್ಕೆ ಹಂಚುವ ಏರ್ಪಾಡು ಇದ್ದರೆ ಒಳ್ಳೆಯದು. ಯಾವ ಕಂಪ್ಯೂಟರ್ ಹಿಂದೆ ಬಿದ್ದಿದೆ ಎಂಬುದೂ ಒಂದೇ ತೆರೆಯಲ್ಲಿ ಕಾಣಬೇಕು.

6. ಯಾರು ಬೇಕಾದರೂ ಆಫ್ ಮಾಡಬಹುದೇ? ಒಳಗೆ ನುಗ್ಗಿದ ದಾಳಿಕೋರ ಮೊದಲು ಮಾಡುವ ಕೆಲಸಗಳಲ್ಲಿ ಒಂದು ಆ್ಯಂಟಿವೈರಸ್ ನಿಲ್ಲಿಸುವುದು. ಅದನ್ನು ನಿಲ್ಲಿಸಲು, ತೆಗೆಯಲು ಬೇರೆಯೇ ಪಾಸ್‌ವರ್ಡ್ ಬೇಕಾಗುವಂತೆ ಇರಬೇಕು.

7. ನಿಮ್ಮ ವಿಂಡೋಸ್‌ಗೇ ವಯಸ್ಸಾಗಿದೆಯೇ? ವಿಂಡೋಸ್ 7 ಮತ್ತು ಸರ್ವರ್ 2008 ಆರ್2ಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಸರ್ವರ್ 2012 ಆರ್2ಗೆ 2023ರ ಅಕ್ಟೋಬರ್ 10ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ಮುಗಿದ ವ್ಯವಸ್ಥೆಯ ಮೇಲೆ ದುಬಾರಿ ಆ್ಯಂಟಿವೈರಸ್ ಹಾಕುವುದು ಗೋಡೆ ಬಿರುಕು ಬಿಟ್ಟ ಮನೆಗೆ ಹೊಸ ಬೀಗ ಹಾಕಿದಂತೆ.

ಲಿನಕ್ಸ್ ಸರ್ವರ್ ಇದ್ದವರಿಗೆ ಒಂದು ಮಾತು. "ಲಿನಕ್ಸ್‌ಗೆ ವೈರಸ್ ಬರುವುದಿಲ್ಲ" ಎಂದು ಸುಮ್ಮನಿರಬೇಡಿ. ಸರ್ವರ್‌ಗೆ ಏನೂ ಆಗದಿದ್ದರೂ ಅದರಲ್ಲಿಟ್ಟ ಫೈಲು ವಿಂಡೋಸ್ ಕಂಪ್ಯೂಟರ್‌ಗಳಿಗೆ ವೈರಸ್ ಹಂಚಬಹುದು, ರಿಮೋಟ್ ಎನ್‌ಕ್ರಿಪ್ಷನ್‌ಗೂ ಅದು ಅಷ್ಟೇ ಸುಲಭದ ತುತ್ತು. ಕ್ಲಾಮ್‌ಎವಿ ಎಂಬ ಉಚಿತ, ಮುಕ್ತ ತಂತ್ರಾಂಶ ಫೈಲುಗಳ ಸ್ಕ್ಯಾನ್‌ಗೆ ಲಭ್ಯವಿದೆ.

ಉಚಿತ ಕೀ ಬಗ್ಗೆ

ಕ್ರ್ಯಾಕ್ ಮಾಡಿದ ಆ್ಯಂಟಿವೈರಸ್, 'ಕೀಜೆನ್', 'ಆ್ಯಕ್ಟಿವೇಟರ್' ಹಾಕುವಾಗ "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂದು ಹೇಳುತ್ತಾರಲ್ಲ, ಅಲ್ಲೇ ವಿಷಯ ಇದೆ. ರಕ್ಷಣೆ ತೆಗೆದು, ಯಾರೋ ಬರೆದ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಕೊಟ್ಟು ಓಡಿಸುತ್ತೀರಿ. ಅದರೊಳಗೆ ಇನ್ನೇನಿದೆ ಎಂದು ನೋಡುವವರು ಆಗ ಯಾರೂ ಇರುವುದಿಲ್ಲ. ದುಡ್ಡು ಖರ್ಚು ಮಾಡಲು ಆಗದಿದ್ದರೆ ಡಿಫೆಂಡರ್ ಸಾಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ವೂ ವೈರಸ್ ತೆಗೆಯುವ ಉಚಿತ ಸಾಧನಗಳನ್ನು ಕೊಡುತ್ತದೆ.

ಹಾಕಿಸಿದ ಮೇಲೆ ಪರೀಕ್ಷೆ ಮಾಡುವುದು ಹೇಗೆ?

ಇದಕ್ಕೆ 'ಐಕಾರ್' ಎಂಬ ಪರೀಕ್ಷಾ ಫೈಲಿದೆ. ಅದರಲ್ಲಿರುವುದು 68 ಅಕ್ಷರಗಳ ಒಂದು ಸಾಲು. ಅದು ವೈರಸ್ ಅಲ್ಲ, ಯಾವ ಹಾನಿಯೂ ಮಾಡುವುದಿಲ್ಲ. ಆದರೆ ಅದನ್ನು ಕಂಡರೆ ವೈರಸ್ ಎಂದೇ ಕೂಗಬೇಕು ಎಂದು ಆ್ಯಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಜಾಲತಾಣದಲ್ಲಿ ಅದು ಸಿಗುತ್ತದೆ. ನಿಮ್ಮ ಕಂಪ್ಯೂಟರ್ ತಂತ್ರಜ್ಞರ ಕೈಯಲ್ಲಿ ಅದನ್ನು ಹಂಚಿದ ಫೋಲ್ಡರ್‌ಗೆ ಹಾಕಿಸಿ. ಸರ್ವರ್ ಅದನ್ನು ಹಿಡಿಯದೆ ಬಿಟ್ಟರೆ ಆ ಫೋಲ್ಡರ್ ಸ್ಕ್ಯಾನ್ ಆಗುತ್ತಿಲ್ಲ ಎಂದರ್ಥ. ಹಿಡಿದರೆ ಸ್ಕ್ಯಾನ್ ಚಾಲೂ ಇದೆ ಎಂದಷ್ಟೇ ಅರ್ಥ, ರ‍್ಯಾನ್ಸಮ್‌ವೇರ್ ತಡೆಯುತ್ತದೆ ಎಂದಲ್ಲ.

ಆ್ಯಂಟಿವೈರಸ್‌ನಿಂದ ಆಗದ ಕೆಲಸಗಳು

ಮೊದಲನೆಯದು ಅನುಮತಿ. ಸಣ್ಣ ಆಫೀಸುಗಳಲ್ಲಿ ಹಂಚಿದ ಫೋಲ್ಡರ್‌ಗೆ 'ಎವ್ರಿವನ್, ಫುಲ್ ಕಂಟ್ರೋಲ್' ಎಂದು ಕೊಟ್ಟಿರುತ್ತಾರೆ, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಅಳಿಸಬಹುದು. ಒಬ್ಬ ನೌಕರ ಬದಲಿಸಲಾಗದ ಫೈಲನ್ನು ಅವನ ಕಂಪ್ಯೂಟರ್‌ಗೆ ಬಂದ ರ‍್ಯಾನ್ಸಮ್‌ವೇರ್ ಕೂಡ ಸಾಮಾನ್ಯವಾಗಿ ಬದಲಿಸಲಾರದು. ಹಳೆಯ ವರ್ಷಗಳ ಲೆಕ್ಕವನ್ನು ಓದಲು ಮಾತ್ರ ಬಿಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು ಬಾಗಿಲುಗಳು. ವಾನಾಕ್ರೈ ಬಂದ ಹಳೆಯ ಎಸ್‌ಎಂಬಿ 1 ಅನ್ನು ಬಂದ್ ಮಾಡಿಸಿ. ಮನೆಯಿಂದ ಕೆಲಸ ಮಾಡಲೆಂದು ಸರ್ವರ್‌ನ 'ರಿಮೋಟ್ ಡೆಸ್ಕ್‌ಟಾಪ್' ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿಸಿ.

ಮೂರನೆಯದು ಸರ್ವರ್‌ನ 'ಶ್ಯಾಡೋ ಕಾಪಿ'. ವಿಂಡೋಸ್ ಸರ್ವರ್‌ನಲ್ಲಿ ಇದನ್ನು ಚಾಲೂ ಮಾಡಿದರೆ ಫೈಲಿನ ಹಿಂದಿನ ರೂಪಗಳು ಉಳಿಯುತ್ತವೆ. ಬೀಗ ಬಿದ್ದದ್ದು ಬೇರೆ ಕಂಪ್ಯೂಟರ್‌ನಿಂದಾದರೆ, ಆ ಕಂಪ್ಯೂಟರ್‌ಗೆ ಸರ್ವರ್‌ನ ಅಡ್ಮಿನ್ ಅಧಿಕಾರ ಇಲ್ಲದಿದ್ದರೆ, ಈ ಹಳೆಯ ರೂಪಗಳನ್ನು ಅಳಿಸಲು ರ‍್ಯಾನ್ಸಮ್‌ವೇರ್‌ಗೆ ಆಗುವುದಿಲ್ಲ. ಆದ್ದರಿಂದ ನೌಕರರ ಕಂಪ್ಯೂಟರ್‌ಗಳಲ್ಲಿ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಬಳಸಲೇಬೇಡಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬ್ಯಾಕಪ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ದಾಳಿಯಾಯಿತು. ಸರ್ಕಾರ ಸಂಸತ್ತಿಗೆ ಕೊಟ್ಟ ಮಾಹಿತಿಯಂತೆ 5 ಸರ್ವರ್‌ಗಳಲ್ಲಿ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿತ್ತು. ಹೊರರೋಗಿ ಚೀಟಿಯಿಂದ ಹಿಡಿದು ದಾಖಲಾತಿವರೆಗೆ ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ದೇಶದ ದೊಡ್ಡ ಆಸ್ಪತ್ರೆಯ ಇ-ಹಾಸ್ಪಿಟಲ್ ದಾಖಲೆಗಳನ್ನು ಕೊನೆಗೆ ವಾಪಸ್ ತಂದದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್.

ಸಣ್ಣ ಆಫೀಸಿಗೆ ಎರಡು ಹೊರಗಿನ ಹಾರ್ಡ್‌ಡಿಸ್ಕ್ ಸಾಕು. ಒಂದರಲ್ಲಿ ಬ್ಯಾಕಪ್ ತೆಗೆದು ಕಳಚಿ ಬೇರೆ ಕಡೆ ಇಡಿ, ಮುಂದಿನ ಸಲ ಇನ್ನೊಂದು. ಸದಾ ಸರ್ವರ್‌ಗೆ ಸಿಕ್ಕಿಸಿಯೇ ಇಟ್ಟ ಡಿಸ್ಕ್‌ಗೂ ಬೀಗ ಬೀಳುತ್ತದೆ. ಗೂಗಲ್ ಡ್ರೈವ್‌ಗೆ ತಾನಾಗಿ ಸಿಂಕ್ ಆಗುತ್ತದೆ ಎಂದು ನೆಮ್ಮದಿಯಾಗಿರಬೇಡಿ, ಬೀಗ ಬಿದ್ದ ಫೈಲೂ ಹಾಗೇ ಸಿಂಕ್ ಆಗುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲನ್ನು ತೆರೆದು ನೋಡಿ.

ಬೀಗ ಬಿದ್ದೇಬಿಟ್ಟರೆ?

- ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಯಾವ ಕಂಪ್ಯೂಟರ್ ಎಂದು ಗೊತ್ತಾಗದಿದ್ದರೆ ಸ್ವಿಚ್ ಡಬ್ಬಿಯ ಕರೆಂಟನ್ನೇ ತೆಗೆಯಿರಿ.
- ಬ್ಯಾಕಪ್ ಡಿಸ್ಕನ್ನು ಆ ಗಡಿಬಿಡಿಯಲ್ಲಿ ಸಿಕ್ಕಿಸಬೇಡಿ.
- ತಕ್ಷಣ ಫಾರ್ಮ್ಯಾಟ್ ಮಾಡಿಸಬೇಡಿ. ಬೇಡಿಕೆಯ ಸಂದೇಶ, ಬೀಗ ಬಿದ್ದ ಒಂದೆರಡು ಫೈಲು ಉಳಿಸಿಕೊಳ್ಳಿ. ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಜಾಲತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಕೈ ಸಿಗುತ್ತದೆ.
- ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ 2022ರಲ್ಲಿ ಬಂದಿದೆ.
- ದುಡ್ಡು ಕೊಟ್ಟರೆ ಫೈಲು ವಾಪಸ್ ಬರುತ್ತದೆ ಎಂಬ ಖಾತರಿ ಯಾರೂ ಕೊಡುವುದಿಲ್ಲ.

ಒಟ್ಟಾರೆ

ಸರ್ವರ್‌ಗೆ ಒಂದು ಆ್ಯಂಟಿವೈರಸ್ ಹಾಕಿದರೆ ಸಾಕು ಎಂಬ ಸಂದೇಶ ಅರ್ಧ ಸತ್ಯ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ ಆಗಬಾರದೆಂದರೆ, ಹಳೆಯ ಫಾರ್ವರ್ಡ್ ಬದಲು ಈ ನಾಲ್ಕು ಸಾಲನ್ನು ನಿಮ್ಮ ಗುಂಪಿಗೆ ಕಳಿಸಿ:

"ಸರ್ವರ್‌ಗೆ ಸರ್ವರ್ ಆವೃತ್ತಿಯ ಆ್ಯಂಟಿವೈರಸ್, ಅದನ್ನು ಮುಟ್ಟುವ ಪ್ರತಿ ಕಂಪ್ಯೂಟರ್‌ಗೂ ಆ್ಯಂಟಿವೈರಸ್.
ವಿಂಡೋಸ್ ಅಪ್‌ಡೇಟ್ ತಪ್ಪಿಸಬೇಡಿ, ಕ್ರ್ಯಾಕ್ ಕೀ ಹಾಕಬೇಡಿ.
ಎಲ್ಲರಿಗೂ ಎಲ್ಲ ಫೋಲ್ಡರಿನ ಅಧಿಕಾರ ಕೊಡಬೇಡಿ.
ಬ್ಯಾಕಪ್ ತೆಗೆದ ಡಿಸ್ಕನ್ನು ಕಳಚಿ ಬೇರೆ ಕಡೆ ಇಡಿ."